ಕೆರೆ ದಾರಿಯಲ್ಲಿ ಮಾತಾಡಬಾರದು

ಕಳೆದ ವಾರ ಸ್ಟೀಲ್ ಡಬ್ಬಿ ಕೊಳ್ಳಲು ಬೇಗಂ ಬಜಾರಿಗೆ ಹೋದವಳಿಗೆ ದನಕ್ಕೆ ಹಾಕುವ ಹಿಂಡಿ ಮಾರುವ ಒಂದು ಅಂಗಡಿಯ ಮುಂದೆ ಕಾಲು ನಿಂತುಬಿಟ್ಟಿತು. ಯಾರದೋ ಎಮ್ಮೆಗೆಂದು ಕುಸುಬಿ ಹಿಂಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಬಕೆಟ್ಟಿನಲ್ಲಿ ಇಟ್ಟಿದ್ದರು. ಪೂರ್ತಿ ಸಿಹಿಯೂ ಅಲ್ಲದ, ಪೂರ್ತಿ ಹುಳಿಯೂ ಅಲ್ಲದ ಆ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯವನು "ಕ್ಯಾ ಹೋನಾ ಅಮ್ಮಾ?" ಎಂದು ಎರಡು ಸಲ ಕೇಳಿದ. ಡಬ್ಬಿ ಕೊಳ್ಳದೆ ಮನೆಗೆ ಬಂದೆ.

ಕಾಕಾರ ಚೀಲಕ್ಕೆ ಇದೇ ವಾಸನೆ ಇರುತ್ತಿತ್ತು...

ನಾರಾಯಣಗೂಡದಲ್ಲಿ ನಮ್ಮ ಮನೆಯ ಕೆಳಗೆ ಅವರ ಕನ್ನಡಕದ ಅಂಗಡಿ. ಬೀದರ ಕಡೆಯವರು, ಓಣಿಗೆಲ್ಲ ಕಾಕಾ. ನಾನು ಡಿಗ್ರಿ ಓದುವಾಗ ತಲೆನೋವೆಂದು ಹೋದರೆ, ಗೋಡೆಯ ಅಕ್ಷರಪಟ ಬಿಟ್ಟು ನನ್ನನ್ನು ಬಾಗಿಲಿಗೆ ಕರೆತಂದರು. ಒಂದೊಂದೇ ಗಾಜು ಬದಲಿಸುತ್ತ, ಎದುರಿನ ಟವರಿನ ಮೇಲೆ ಕೂತಿದ್ದ ಹದ್ದಿನ ಬಾಲ ತೋರಿಸಿದರು. "ಬಾಲದ ನಡುವ ಸೀಳು ಕಾಣಾಕತ್ತದೇನವ್ವಾ?" ನಾಲ್ಕನೆಯ ಗಾಜಿಗೆ ಕಂಡಿತು. ನಾನು ಜೀವನದಲ್ಲಿ ಸರಿಯಾಗಿ ನೋಡಿದ ಮೊದಲ ಹಕ್ಕಿ ಅದು.

ಮುಂದೆ ಅವರ ಭಾನುವಾರದ ಗುಂಪಿಗೆ ಸೇರಿಕೊಂಡೆ. ಎಂಟು ಜನ, ಒಂದು ವ್ಯಾನು. ವಿಕಾರಾಬಾದ್ ರಸ್ತೆಯಲ್ಲಿ ಊರು ಮುಗಿದ ಮೇಲೆ ಒಂದು ಹಳೆಯ ಕೆರೆ. ನೀರಿಗೂ ಕುರುಚಲು ಕಾಡಿಗೂ ನಡುವೆ ಎರಡು ಮೈಲಿಯ ಕಾಲುದಾರಿ. ಕಾಕಾರ ನಿಯಮ ಎರಡೇ. ಕೆರೆ ದಾರಿಯಲ್ಲಿ ಮಾತಾಡಬಾರದು. ಕಂಡದ್ದನ್ನಷ್ಟೇ ಬರೆಯಬೇಕು. ನನ್ನ ಅಕ್ಷರ ಚೆನ್ನಾಗಿತ್ತೆಂದು ಗುಂಪಿನ ನೋಟ್‌ಬುಕ್ಕು ನನ್ನ ಕೈಗೆ ಬಂತು. ಒಮ್ಮೆ ಕೂಗು ಕೇಳಿಯೇ ಕೋಗಿಲೆ ಎಂದು ಬರೆದಿದ್ದಕ್ಕೆ, ಕಾಣದ್ದನ್ನು ಬರೆಯುವುದು ಸುಳ್ಳೇ ಎಂದು ಎಲ್ಲರೆದುರು ಬೈದು ಹೊಡೆದುಹಾಕಿಸಿದ್ದರು.

ಅವರ ಜೊತೆ ಹೋದವರು ಬರಿಗೈಯಲ್ಲಿ ಮರಳುತ್ತಿರಲಿಲ್ಲ. ದಾರಿಯ ತಿರುವಿನಲ್ಲಿ ಒಂದು ಬಂಡೆ, ಅದರ ಮುಂದೆ ಸಣ್ಣ ಬಯಲು. ಬಂಡೆಯ ಹಿಂದೆ ಕೂತು ಹತ್ತು ನಿಮಿಷವಾಗುವುದರೊಳಗೆ ನವಿಲು, ಗೌಜಲ ಹಕ್ಕಿ, ಮುಂಗುಸಿ ತಾವಾಗಿ ಬಯಲಿಗೆ ಬರುತ್ತಿದ್ದವು. ಕೊನೆಕೊನೆಗೆ ಮರಿಗಳ ಸಮೇತ ಒಂದು ಕಾಡುಹಂದಿಯೂ. "ಕಾಕಾ ಕರದ್ರ ನವಿಲೂ ಓ ಅಂತಾವ ನೋಡ್ರಿ" ಎನ್ನುತ್ತಿದ್ದರು ಗುಂಪಿನ ಟೀಚರಮ್ಮ. "ನಮ್ಮ ಮನಿಯವರನ್ನ ಮೂವತ್ತು ವರ್ಷದಿಂದ ಕರ್ಯಾಕತ್ತೀನಿ, ಪೇಪರಿನಿಂದ ಮಾರಿ ಎತ್ತಂಗಿಲ್ಲ."

ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಕಾಕಾ ಸ್ಕೂಟರಿನಲ್ಲಿ ಒಬ್ಬರೇ ಹೊರಡುತ್ತಿದ್ದರು, ಕೆರೆಯ ದಾರಿ ನೋಡಿಕೊಂಡು ಬರಲು. ಚೀಲ ಯಾಕೆ ಹೀಗೆ ನಾರುತ್ತದೆ ಎಂದು ಒಮ್ಮೆ ಕೇಳಿದ್ದೆ. "ದಾರ್ಯಾಗ ಒಂದು ಎಮ್ಮಿ ಐತಿ. ನನ್ನ ಗೆಳತಿ" ಎಂದರು. ನಾವೆಲ್ಲ ನಕ್ಕೆವು.

ಆ ಭಾನುವಾರ ಬೆಳಿಗ್ಗೆ ಬಯಲಿನಲ್ಲಿ ಹಂದಿ ಇತ್ತು, ಮರಿಗಳಿದ್ದವು, ಕ್ಯಾಮೆರಾಗಳು ಟಿಕ್ ಟಿಕ್ ಎನ್ನುತ್ತಿದ್ದವು. ನಾನು ಕೂತ ಜಾಗದಿಂದ ದಾರಿಯ ಆಚೆ ತುದಿ ಕಾಣುತ್ತಿತ್ತು. ಒಬ್ಬ ಹೆಂಗಸು ಬುತ್ತಿಯ ಗಂಟು ಕೈಯಲ್ಲಿ ಹಿಡಿದು ಬರುತ್ತಿದ್ದಳು. ಕೆರೆಯ ಆಚೆ ಬದಿಗೆ ಯಾರೋ ತೋಟದ ಮನೆಗೆ ಗೋಡೆ ಕಟ್ಟಿಸುತ್ತಿದ್ದರು, ಅಲ್ಲಿಯ ಕೂಲಿಯವಳು. ತಿರುವಿನಿಂದಾಗಿ ಅವಳಿಗೆ ಹಂದಿ ಕಾಣುವಂತಿರಲಿಲ್ಲ. ನಾನು ಬಾಯಿ ತೆರೆದೆ. ಕಾಕಾ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದರು. "ಶ್... ಸುಮ್ಮನಿರು. ಏನೂ ಮಾಡಂಗಿಲ್ಲ ಅದು."

ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದು ಇವತ್ತಿಗೂ ಎಣಿಸುತ್ತೇನೆ. ಅವಳು ಇಪ್ಪತ್ತು ಹೆಜ್ಜೆಯಾದರೂ ನಡೆದಿರಬೇಕು...

ಹಂದಿ ಅವಳ ಮೇಲೆ ಎರಗಿ ಬರಲಿಲ್ಲ. ನನ್ನನ್ನು ಈಗಲೂ ಕಾಡುವುದು ಅದೇ. ಅವಳ ಕೈಯ ಗಂಟನ್ನು ನೋಡಿ, ಸಾಕಿದ ನಾಯಿ ಬರುವ ಹಾಗೆ, ಮೂಗು ಎತ್ತಿಕೊಂಡು ನಿಧಾನವಾಗಿ ಅವಳ ಹತ್ತಿರ ನಡೆದುಬಂತು. ಅವಳು ಚೀರಿ ಗಂಟನ್ನು ಎದೆಗೆ ಅವಚಿಕೊಂಡಳು. ಅದು ಗಂಟನ್ನು ಜಗ್ಗಿತು. ಅವಳು ಬಿಡಲಿಲ್ಲ. ಆಮೇಲೆ ಕೋರೆ ತೊಡೆಗೆ ಹೊಕ್ಕಿತು.

ನಾವೆಲ್ಲ ಕೂಗುತ್ತ ಓಡಿದೆವು. ಹಂದಿ ಮರಿಗಳೊಂದಿಗೆ ಪೊದೆ ಸೇರಿತು. ಬಯಲು ದಾಟುವಾಗ ನನ್ನ ಕಾಲು ಎಲೆಯ ಕೆಳಗಿನ ಮೆತ್ತನೆಯ ರಾಶಿಯೊಂದರಲ್ಲಿ ಹೂತಿತು. ಕಾಕಾರ ಚೀಲದ ವಾಸನೆ. ದಾರಿಯಲ್ಲಿ ಎಮ್ಮೆ ಎಂದೂ ಇರಲಿಲ್ಲ, ಶನಿವಾರದ ಹಿಂಡಿ ಬರುತ್ತಿದ್ದದ್ದು ಇಲ್ಲಿಗೆ.

ನಾನು ದುಪಟ್ಟಾದಿಂದ ಅವಳ ತೊಡೆ ಕಟ್ಟಿದೆ. ಟೀಚರಮ್ಮನವರ ಫೋನಿಗೆ ಆಂಬುಲೆನ್ಸ್‌ಗಿಂತ ಮೊದಲು ಅರಣ್ಯದ ಗಾರ್ಡ್ ಬಂದ. ಅವನಿಗೆ ತೆಲುಗು ಮಾತ್ರ ಬರುತ್ತಿತ್ತು. ಯಾದಗಿರಿಯಿಂದ ಬಂದಿದ್ದ ಅವಳಿಗೆ ಕನ್ನಡ ಮಾತ್ರ. ನಡುವೆ ಕಾಕಾ ಕುಕ್ಕರಗಾಲಲ್ಲಿ ಕೂತರು.

"ನಾ ಹಾದಿ ಬಿಟ್ಟಿಲ್ರಿ" ಎಂದಳು ಅವಳು, ಹಲ್ಲು ಕಚ್ಚಿಕೊಂಡು. "ದಿನಾ ಇದ ಹಾದ್ಯಾಗ ಕೆಲಸಕ್ಕ ಹೋಗತೀನಿ. ಅದ ಬಂದು ಗಂಟು ಜಗ್ಗಿತ್ರಿ."

ಕಾಕಾ ಗಾರ್ಡ್ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದರು: ಕಟ್ಟಿಗೆ ಕಡಿಯಲು ಪೊದೆಯೊಳಗೆ ನುಗ್ಗಿದ್ದಳಂತೆ, ಮರಿಯನ್ನು ಹಿಡಿಯಹೋದಳಂತೆ. ಗಾರ್ಡ್ ಬರೆದುಕೊಳ್ಳತೊಡಗಿದ. ಹಾಗಿದ್ದರೆ ಅವಳ ಮೇಲೇ ಕೇಸು ಹಾಕಬೇಕಾಗುತ್ತದೆ ಎಂದ.

ಒಂದಕ್ಷರ ತಿಳಿಯದ ಅವಳು ಕಾಕಾರ ಮುಖ ನೋಡುತ್ತ ತಲೆ ಆಡಿಸುತ್ತಿದ್ದಳು. "ಹೂಂ ರೀ, ಹಿಂಗ ಆತ್ರಿ" ಎಂದು ಗಾರ್ಡ್‌ಗೂ ಹೇಳಿದಳು. ಆಮೇಲೆ ನನ್ನ ಕೈ ಹಿಡಿದು, "ನಮ್ಮ ಕಡಿಯವರು ಸಿಕ್ಕರಲ್ಲ, ಪುಣ್ಯ" ಎಂದಳು.

ಅದೇ ದಿನ ಎರಡನೆಯ ಸಲ ಸುಮ್ಮನಿರಲು ನನ್ನಿಂದ ಆಗಲಿಲ್ಲ. "ಆಮೆ ಅಲಾ ಅನಲೇದು ಸಾರ್" ಎಂದೆ. ಅವಳು ಹಾಗೆ ಹೇಳಲಿಲ್ಲ ಎಂದು, ಗಾರ್ಡ್‌ಗೆ. ಅವಳು ಹೇಳಿದ್ದನ್ನು ಇದ್ದ ಹಾಗೆ ತೆಲುಗಿನಲ್ಲಿ ಹೇಳಿದೆ. ಗಾರ್ಡನ್ನು ಬಯಲಿಗೆ ಕರೆದುಕೊಂಡು ಹೋಗಿ ಎಲೆ ಸರಿಸಿ ತೋರಿಸಿದೆ. ಅವನು ಬರೆದ ಹಾಳೆಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ.

ವ್ಯಾನಿನ ಹತ್ತಿರ ಕಾಕಾ ಒಂದೇ ಮಾತು ಆಡಿದರು. "ಕಣ್ಣು ಕೊಟ್ಟಾಂವಗ ಹಿಂಗ ಮಾಡಿದಿಯಲ್ಲವ್ವಾ." ಮೋಸ ಹೋದವರು ತಾವೇ ಎನ್ನುವ ಹಾಗಿತ್ತು ಅವರ ದನಿ. ಅದಕ್ಕೆ ಉತ್ತರಗಳು ಆಮೇಲೆ ಎಷ್ಟೋ ಹೊಳೆದಿವೆ...

ಅವಳು ಉಳಿದಳು, ಕೇಸು ಆಗಲಿಲ್ಲ. ಆಸ್ಪತ್ರೆಗೆ ಹೋದಾಗ, "ಆ ಕಾಕಾರು ಆರಾಮ ಅದಾರೇನ್ರಿ? ನನ್ನ ಸಲುವಾಗಿ ಭಾಳ ಮಾತಾಡಿದ್ರು, ಪಾಪ" ಎಂದಳು. ಹೇಳಬೇಕಿತ್ತೋ ಏನೋ. ಹೂಂ ಎಂದೆ. ಗುಂಪು ಮುರಿಯಿತು. ಕೆಲವು ತಿಂಗಳಿಗೆ ಕಾಕಾ ಅಂಗಡಿ ಮುಚ್ಚಿ ಬೀದರಕ್ಕೆ ಹೋದರು. ಹೋಗುವಾಗ ಮೇಲೆ ನಮ್ಮ ಮನೆಗೆ ಬರಲಿಲ್ಲ. ಹೋದ ವರ್ಷ ತೀರಿಕೊಂಡರೆಂದು ಟೀಚರಮ್ಮ ಫೋನಿನಲ್ಲಿ ಹೇಳಿದರು.

ಹಿಂಡಿಯ ವಾಸನೆ ಬಡಿದ ಮೇಲೆ ಮನೆಯಲ್ಲಿ ಕೂರಲಾಗದೆ ಮೊನ್ನೆ ಭಾನುವಾರ ಒಬ್ಬಳೇ ಕೆರೆಗೆ ಹೋದೆ. ಹಳೆಯ ನೋಟ್‌ಬುಕ್ಕೂ ಚೀಲದಲ್ಲಿತ್ತು. ಪುಟ ತುಂಬ ಹೆಸರುಗಳು, ನನ್ನದೇ ದುಂಡನೆಯ ಅಕ್ಷರ. ಅವುಗಳಲ್ಲಿ ಯಾವುದು ತಾನಾಗಿ ಬಂದದ್ದು, ಯಾವುದು ಹಿಂಡಿಗೆ ಬಂದದ್ದು? ಎಲ್ಲವೂ ಕಂಡದ್ದೇ. ನಿಯಮ ತಪ್ಪಿಲ್ಲ.

ಬಂಡೆಯ ಹಿಂದೆ ಎರಡು ಗಂಟೆ ಕೂತೆ. ಬಯಲು ಖಾಲಿ. ಆಮೇಲೆ ಪೊದೆಯೊಳಗಿಂದ ಒಂದು ಕೂಗು ಬಂತು, ಮೂರು ಸ್ವರ, ಕೊನೆಯದು ಇಳಿದು. ಕಾಕಾ ಒಮ್ಮೆ ಅದರ ಹೆಸರು ಹೇಳಿದ್ದರು, ನೆನಪಾಗಲಿಲ್ಲ. ಎಲೆ ಅಲುಗಿತು. ಇನ್ನೊಂದು ಗಳಿಗೆ ಕಾದಿದ್ದರೆ ಹೊರಗೆ ಬರುತ್ತಿತ್ತು.

ಅಷ್ಟರಲ್ಲಿ ದಾರಿಯ ಆಚೆ ತುದಿಯಲ್ಲಿ ಬುತ್ತಿ ಹಿಡಿದ ಮೂವರು ಹೆಂಗಸರು ಕಾಣಿಸಿಕೊಂಡರು. ನಾನು ಎದ್ದು ನಿಂತು, "ಬರ್ರಿ, ಇಲ್ಲಿ ಏನೂ ಇಲ್ಲ" ಎಂದು ಕೂಗಿದೆ. ಅವರು ತೆಲುಗಿನವರಿರಬೇಕು, ವಿಚಿತ್ರವಾಗಿ ನೋಡಿ, ತಮ್ಮತಮ್ಮಲ್ಲೇ ನಗುತ್ತ ಹಾದುಹೋದರು. ಪೊದೆಯಿಂದ ಏನೋ ಒಂದು ಪುರ್ರೆಂದು ಹಾರಿತು. ಯಾವ ಹಕ್ಕಿ ಎಂದು ಕೇಳಲು ನನಗೆ ಇನ್ನು ಯಾರೂ ಇಲ್ಲ.