ಆಂಟಿಗೆ ಕೂಡಿಟ್ಟ ಕರಬೂಜದ ಬೀಜ

ಇವತ್ತು ಬೆಳಿಗ್ಗೆ ಕರಬೂಜ ಹೆಚ್ಚಿದೆ. ಚಾಕು ಇಳಿದದ್ದೇ ತಡ, ಆ ಘಮ ಅಡುಗೆಮನೆ ತುಂಬಿಕೊಂಡಿತು... ಕೂತಲ್ಲಿ ಕೂರಲಾಗಲಿಲ್ಲ. ಎದ್ದೆ, ನಲ್ಲಿ ತಿರುಗಿಸಿದೆ, ನಿಲ್ಲಿಸಿದೆ, ಮತ್ತೆ ಕೂತೆ. ಕೈ ಮಾತ್ರ ತನ್ನ ಪಾಡಿಗೆ ತಾನು ಬೀಜ ಬಿಡಿಸಿ ಜರಡಿಗೆ ಹಾಕುತ್ತಿತ್ತು. ಹಾಳಾದ ಅಭ್ಯಾಸ! ಕಲಿಸಿದವರು ಹೋಗಿ ನಲವತ್ತು ವರ್ಷದ ಮೇಲಾಯಿತು.

ಎಪ್ಪತ್ತರ ದಶಕದ ಕೊನೆ. ಮದುವೆಯಾಗಿ ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ಗೆ ಬಂದ ಹೊಸತು. ನಮ್ಮಿಂದ ಮೂರನೆಯ ಮನೆ ಮೈಸೂರಿನ ಡಾಕ್ಟರೊಬ್ಬರದು. ಆಂಟಿ ಅವರ ಅತ್ತೆ. ಗಂಡ ತೀರಿಕೊಂಡ ಮೇಲೆ ಮಗಳು ಕರೆಸಿಕೊಂಡಿದ್ದಳು. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋದರೆ ಇಡೀ ಬಡಾವಣೆಯಲ್ಲಿ ಕನ್ನಡ ಮಾತಾಡಲು ಉಳಿಯುತ್ತಿದ್ದವರು ನಾವಿಬ್ಬರೇ.

ಯಾರ ಮನೆಯ ಊಟಕ್ಕೆ ಹೋದರೂ ಆಂಟಿ ಕರಬೂಜದ ಬೀಜ ಕಸದ ಬುಟ್ಟಿಗೆ ಬೀಳಲು ಬಿಡುತ್ತಿರಲಿಲ್ಲ. ತೊಳೆದು, ಮನೆಯ ಹಿಂದಿನ ಮರದ ಜಗಲಿಯಲ್ಲಿ, ಅಂದರೆ ಡೆಕ್ಕಿನಲ್ಲಿ, ಹಳೆಯ ಪಂಚೆಯ ತುಂಡಿನ ಮೇಲೆ ಒಣಗಿಸಿ, ಉಗುರಿನಿಂದ ಒಂದೊಂದೇ ಸುಲಿದು ಕಾಫಿ ಡಬ್ಬಕ್ಕೆ ತುಂಬುವರು. ರಾಮನವಮಿಗೆ ಹಣ್ಣು ಕಿವುಚಿ ಬೆಲ್ಲ, ಏಲಕ್ಕಿ ಹಾಕಿ ಪಾನಕ. ಹಣ್ಣಾಗದ್ದು ಸಿಕ್ಕರೆ ಹುಳಿ. ನಾನು ಮುಖ ಸಿಂಡರಿಸಿದರೆ, “ಸೌತೆಕಾಯಿ ದಾಯಾದಿ ಕಣೇ ಇದು, ಹುಳಿಗೆ ಯಾಕಾಗಲ್ಲ?” ಅನ್ನುವರು. ಬೀಜ ಅರೆದು ಹಾಲಿನಲ್ಲಿ ಕದಡಿ ಕುಡಿದರೆ ಉರಿಮೂತ್ರ ತಣ್ಣಗಾಗುತ್ತದೆ ಅನ್ನುವುದು ಅವರ ನಂಬಿಕೆ. ನನಗೂ ಒಮ್ಮೆ ಕುಡಿಸಿದ್ದರು, ಎರಡು ದಿನದಲ್ಲಿ ಗುಣವಾಯಿತು. ಬೀಜದ ಗುಣವೋ, ಜೊತೆಗೆ ಕುಡಿಸಿದ ಚೊಂಬುಗಟ್ಟಲೆ ನೀರಿನದೋ, ಯಾರಿಗೆ ಗೊತ್ತು!

ಆ ಬೇಸಿಗೆಯಲ್ಲಿ ಆಂಟಿ ಬೀಜ ಕೇಳುವುದು ಜಾಸ್ತಿಯಾಯಿತು. “ನಿಮ್ಮನೇದೂ ಎತ್ತಿಡು, ಎಸೀಬೇಡ.” ನಾನು ಪೆದ್ದಿ, ಬರ್ಫಿ ಮಾಡುತ್ತಾರೇನೋ ಅಂದುಕೊಂಡೆ. ಒಂದು ಮಧ್ಯಾಹ್ನ ಡೆಕ್ಕಿನ ಮೇಲೆ ಬೀಜ ಸುಲಿಯುತ್ತ, ತಲೆ ಎತ್ತದೆ ಹೇಳಿದರು.

“ಉರಿ ಶುರುವಾಗಿ ಮೂರು ತಿಂಗಳಾಯ್ತು ಕಣೇ. ಈಗೀಗ ರಕ್ತಾನೂ ಹೋಗ್ತಿದೆ.”

“ಅಯ್ಯೋ ಆಂಟಿ! ಮನೇಲೇ ಡಾಕ್ಟರ್ ಇದಾರಲ್ಲ!”

“ಅಳಿಯಂದಿರ ಹತ್ರ ಇದನ್ನ ಹೇಳಕ್ಕಾಗತ್ತೇನೇ? ಅವರೆದುರಿಗೆ ಕುರ್ಚಿ ಮೇಲೆ ಕೂತವಳಲ್ಲ ನಾನು. ಮಗಳಿಗೆ ಹೇಳಿದರೂ ಒಂದೇ, ಅವರಿಗೆ ಹೇಳಿದರೂ ಒಂದೇ. ನನ್ನಾಣೆ, ನೀನು ಬಾಯಿ ಬಿಡಕೂಡದು.”

ಆಣೆ ಮೀರಲು ನನಗೆ ಧೈರ್ಯವಿರಲಿಲ್ಲ. ಕಾಡಿ ಬೇಡಿ, ಪಕ್ಕದ ಊರಿನ ಒಬ್ಬ ಲೇಡಿ ಡಾಕ್ಟರ್ ಹತ್ತಿರ ಅಪಾಯಿಂಟ್‌ಮೆಂಟ್ ತಗೊಂಡೆ. ನಾನೇ ಡ್ರೈವ್ ಮಾಡಬೇಕು, ಆಂಟಿಯ ಕಷ್ಟವನ್ನು ನಾನೇ ಇಂಗ್ಲಿಷಿನಲ್ಲಿ ಹೇಳಬೇಕು. ಲೈಸೆನ್ಸ್ ಬಂದು ಮೂರೇ ವಾರ. ಕಾರುಗಳು ಬಾಣದಂತೆ ಓಡುವ ಆ ಹೆದ್ದಾರಿ, ಫ್ರೀವೇ, ಹತ್ತಲು ನನಗೆ ಭಯ. ಆ ದಿನ ಆಂಟಿ ಒಳ್ಳೆಯ ಸೀರೆ ಉಟ್ಟು ಬಂದು ಪಕ್ಕದಲ್ಲಿ ಕೂತರು. ಫ್ರೀವೇಗೆ ತಿರುಗುವ ಜಾಗ ಬಂತು... ಆಂಟಿ ನನ್ನ ಮೊಣಕೈ ಹಿಡಿದರು.

“ಬೇಡ ಕಣೇ. ನಡಿ, ಹಣ್ಣು ತರೋಣ.”

ನನಗೆ ಹೋದ ಜೀವ ಬಂದ ಹಾಗಾಯಿತು. ನಿಜ ಹೇಳುತ್ತೇನೆ, ಒಂದು ಸಲವೂ ಬಲವಂತ ಮಾಡಲಿಲ್ಲ. ನೆಟ್ಟಗೆ ಒಳದಾರಿ ಹಿಡಿದು ವಿಕ್ಸಮ್ ಹತ್ತಿರ ರೈತರ ಅಂಗಡಿಗೆ ಹೋದೆವು. ಆಂಟಿ ಒಂದೊಂದೇ ಕರಬೂಜದ ತೊಟ್ಟು ಮೂಸಿ ನಾಲ್ಕು ಆರಿಸಿದರು. ದಾರಿಯುದ್ದಕ್ಕೂ ನಕ್ಕೆವು. ಇನ್ನೊಂದು ಅಪಾಯಿಂಟ್‌ಮೆಂಟ್ ನಾನು ತಗೊಳ್ಳಲಿಲ್ಲ. ಬದಲಿಗೆ ವಾರವಾರ ಬೀಜ ಒಯ್ದು ಕೊಟ್ಟೆ.

ಮೊದಲ ಹಿಮ ಬಿದ್ದ ವಾರ ಆಂಟಿ ಬಚ್ಚಲಲ್ಲಿ ಕುಸಿದರು. ಎತ್ತಿದ್ದು ಅಳಿಯನೇ. ಅಷ್ಟರಲ್ಲಿ ಕಾಯಿಲೆ ಎಲ್ಲೆಲ್ಲೋ ಹಬ್ಬಿತ್ತು. ಯುಗಾದಿಗೆ ಆಂಟಿ ಇರಲಿಲ್ಲ. ಆ ಮನುಷ್ಯ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತು, “ಅಷ್ಟು ಜನರಿಗೆ ಡಾಕ್ಟರ್ ನಾನು, ನನಗೊಂದು ಮಾತು ಹೇಳಬಾರದಿತ್ತಾ?” ಎಂದು ಮಗುವಿನ ಹಾಗೆ ಅತ್ತರು. ಮಗಳು ನನ್ನ ಕೈ ಹಿಡಿದು ಕೇಳಿದಳು. “ನಿಮ್ಮ ಹತ್ರ ಅಮ್ಮ ಏನಾದ್ರೂ ಹೇಳಿದ್ರಾ?”

“ಇಲ್ಲ” ಅಂದೆ.

ಅವಳು ನಂಬಿದಳು. ನಂಬಿ, ಅಮ್ಮನ ನೆನಪಿಗಿರಲಿ ಎಂದು ಆ ಕಾಫಿ ಡಬ್ಬ ನನಗೇ ಕೊಟ್ಟಳು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ವರ್ಷಗಳು ಉರುಳಿದವು. ಹೋದ ಚಳಿಗಾಲ ಅವಳೂ ತೀರಿಕೊಂಡಳು. ಆ ಸುಳ್ಳನ್ನು ಇನ್ನು ಯಾರ ಮುಂದೆ ಒಪ್ಪಿಕೊಳ್ಳಲಿ?

ಈಗ ವಯಸ್ಸಿನಲ್ಲಿ ನಾನು ಆಂಟಿಗಿಂತ ದೊಡ್ಡವಳು. ಹದಿನೈದು ದಿನದಿಂದ ನನಗೂ ಉರಿ. ಯಾರಿಗೂ ಹೇಳಿರಲಿಲ್ಲ, ನೋಡಿ ನನ್ನ ಬುದ್ಧಿ! ಬೆಳಿಗ್ಗೆ ನನ್ನ ಮಗಳು ಬಂದು ಜರಡಿ ನೋಡಿ, “ಅಮ್ಮಾ, ಜಸ್ಟ್ ಥ್ರೋ ದೆಮ್ ಔಟ್” ಅಂದಳು. ನನ್ನ ಕೈ ನಿಂತಿತು.

“ಪುಟ್ಟಿ, ಕೂತ್ಕೋ. ನಿನಗೊಂದು ವಿಷಯ ಹೇಳಬೇಕು.”

ಹೇಳಿದೆ. ನನಗೂ ರಕ್ತ ಹೋಗುತ್ತಿರುವ ವಿಷಯವನ್ನೂ ಹೇಳಿದೆ. ಅವಳು ಕಾರಿನ ಕೀ ತಗೊಂಡಳು. ಫ್ರೀವೇಗೆ ತಿರುಗುವ ಜಾಗ ಬಂತು... ನನ್ನ ಕೈ ತಾನಾಗಿ ಅವಳ ಮೊಣಕೈ ಕಡೆ ಹೋಯಿತು. ಅವಳು ಲಕ್ಷ್ಯಕ್ಕೇ ತಗೊಳ್ಳದೆ ಕಾರು ಹತ್ತಿಸಿದಳು. ಹನ್ನೊಂದು ನಿಮಿಷಕ್ಕೆ, ಅಂದು ಆಂಟಿಯೂ ನಾನೂ ಹೋಗದೆ ಬಿಟ್ಟ ಅದೇ ಊರಿನಲ್ಲಿ, ಡಾಕ್ಟರ ಬಾಗಿಲಲ್ಲಿದ್ದೆವು.

ಇಷ್ಟೇ ದೂರ ಇತ್ತು ಆಂಟಿ... ಇಷ್ಟೇ.