ಅಪ್ಪ ಕಂಡ ದೇವಮಾಸಾ

ನಾನೀಗ ನಮ್ಮೂರ ಕಡೆಯ ನಿಲಂಗಾದ ಶಾಲೆಗೆ ವರ್ಗವಾಗಿ ಬಂದಿದ್ದೇನೆ. ಅದಕ್ಕೂ ಮೊದಲು ಎಂಟು ವರ್ಷ ಕೊಂಕಣದ ಒಂದು ಮೀನುಗಾರರ ಹಳ್ಳಿಯಲ್ಲಿ ಟೀಚರ್ ಆಗಿದ್ದೆ. ದಾಳಿಂಬ ಎಂಬ ಗಡಿಹಳ್ಳಿಯ ಕುರಿಗಾರರ ಮಗಳಿಗೆ ಸಮುದ್ರದ ದಂಡೆಯಲ್ಲಿ ನೌಕರಿ! ಈಗ ತೀರಿಹೋಗಿರುವ ಅಪ್ಪ ಆಗ ಒಮ್ಮೆ, ಒಮ್ಮೆ ಮಾತ್ರ, ಕುರಿಗಳನ್ನು ನನ್ನ ತಮ್ಮನಿಗೆ ಒಪ್ಪಿಸಿ ನನ್ನಲ್ಲಿಗೆ ಬಂದಿದ್ದ.

ಸಮುದ್ರ ನೋಡಿ ಅವನು ಬೆರಗಾಗಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿ ಉಗುಳಿದ. "ಇಷ್ಟ್ ನೀರ್ ಅದ, ಕುರಿಗಿ ಒಂದ್ ಗುಟುಕ್ ಬರಂಗಿಲ್ಲಲ್ಲವ್ವಾ," ಅಂದ.

ಮೂರನೆಯ ದಿನ ಬೆಳಿಗ್ಗೆ ಊರೆಲ್ಲ ದಂಡೆಗೆ ಓಡುತ್ತಿತ್ತು. ತಿಮಿಂಗಿಲವೊಂದು ಉಸುಕಿಗೆ ಬಂದು ಬಿದ್ದಿತ್ತು. ಮರಾಠಿಯಲ್ಲಿ ಅದನ್ನು ದೇವಮಾಸಾ ಅನ್ನುತ್ತಾರೆ. ಜೀವ ಇತ್ತು. ಮೀನುಗಾರರು ಕೊಡಗಳಲ್ಲಿ ನೀರು ತಂದು ಸುರಿಯುತ್ತಿದ್ದರು. ಅಪ್ಪ ಹೆಗಲ ಮೇಲಿನ ಕಂಬಳಿ ತೆಗೆದು, ಸಮುದ್ರದಲ್ಲಿ ತೋಯಿಸಿ, ಅದರ ಬೆನ್ನಿಗೆ ಹೊದಿಸಿದ. ಆಮೇಲೆ ಕಣ್ಣಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಈಯಲಾರದ ಕುರಿಯನ್ನು ಸಮಾಧಾನ ಮಾಡುವ ಹಾಗೆ ಮೆಲ್ಲಗೆ ಮಾತಾಡಿದ. ಮಧ್ಯಾಹ್ನದ ಹೊತ್ತಿಗೆ ಅದರ ಉಸಿರು ನಿಂತಿತು.

ಮರುದಿನ ಜಾನುವಾರು ಡಾಕ್ಟರರು ಬಂದು ಹೊಟ್ಟೆ ಕೊಯ್ದರು. ಕ್ಯಾರಿಬ್ಯಾಗುಗಳು, ಹರಿದ ಬಲೆ, ನೈಲಾನ್ ಹಗ್ಗ, ಒಂದು ಸಿಮೆಂಟ್ ಚೀಲ ಮುದ್ದೆಮುದ್ದೆಯಾಗಿ ಹೊರಬಂದವು. "ಇದನ್ನೆಲ್ಲ ಮೀನು ಅಂತ ನುಂಗುತ್ತದೆ. ಹೊಟ್ಟೆ ತುಂಬಿರುತ್ತದೆ, ಹಸಿವು ಹಾಗೇ ಇರುತ್ತದೆ," ಎಂದರು ಡಾಕ್ಟರರು. ಮರಾಠಿಯಲ್ಲಿ ಹೇಳಿದ್ದರೂ ಅಪ್ಪನಿಗೆ ಪೂರಾ ತಿಳಿಯಿತು.

"ನಮ್ ಬಿಳಿ ಕುರಿ ಹಿಂಗೇ ಸತ್ತಿತ್ತು. ನೆನಪದ ಏನವ್ವಾ?"

ನೆನಪಿತ್ತು. ನಾನು ಏಳನೆಯ ಇಯತ್ತೆಯಲ್ಲಿದ್ದೆ. ಹೊಟ್ಟೆ ಉಬ್ಬಿದ ಆ ಕುರಿ ಮೇವು ಮೂಸಿ ಮುಖ ತಿರುಗಿಸುತ್ತಿತ್ತು. ದಿನದಿನಕ್ಕೆ ಎಲುಬು ಕಾಣತೊಡಗಿದವು. ಸತ್ತ ಮೇಲೆ ಕೊಯ್ದು ನೋಡಿದರೆ ಒಳಗೆ ತಲೆಯಷ್ಟು ದೊಡ್ಡ ಪ್ಲಾಸ್ಟಿಕ್ ಉಂಡೆ. ಅಪ್ಪ ಎರಡು ದಿನ ಉಂಡಿರಲಿಲ್ಲ.

ದಂಡೆಯಲ್ಲಿ ತಿಮಿಂಗಿಲವನ್ನು ಹೂಳಲು ಜೆಸಿಬಿ ತಗ್ಗು ತೋಡುವಾಗ ಅವನು ಸೊಂಟದ ಚೀಲದಿಂದ ನಮ್ಮ ಕುಲದೇವರು ಬೀರಪ್ಪನ ಭಂಡಾರ ತೆಗೆದು ಅದರ ಹಣೆಗೆ ಹಚ್ಚಿದ. ಅಷ್ಟು ದೊಡ್ಡ ಕರಿ ಮೈಗೆ ಒಂದು ಬೆರಳಿನಷ್ಟು ಅರಿಸಿನ. ಯಾರೂ ನಗಲಿಲ್ಲ.

ಬೇಸಿಗೆ ರಜೆಗೆ ನಾನು ಊರಿಗೆ ಹೋದಾಗ ಅಪ್ಪ ಹೆಗಲಿಗೆ ಗೋಣಿಚೀಲ ಹಾಕಿಕೊಂಡು ಕುರಿಗಳ ಮುಂದೆ ನಡೆಯುತ್ತಿದ್ದ. ಹೈವೇ ಪಕ್ಕದ ಹೊಲಗಳಲ್ಲಿ, ಹಳ್ಳದ ಜಾಲಿಮುಳ್ಳಿನಲ್ಲಿ ಸಿಕ್ಕಿದ ಕ್ಯಾರಿಬ್ಯಾಗುಗಳನ್ನು ಒಂದೊಂದಾಗಿ ಬಿಡಿಸಿ ತುಂಬುತ್ತಿದ್ದ.

ಟಮ್‌ಟಮ್ ಆಟೋದವನೊಬ್ಬ ಗಾಡಿ ನಿಲ್ಲಿಸಿ ಕೇಳಿದ: "ಕಾಕಾ, ಕಸಾ ಆರಸ್ಲಿಕ್ಹತ್ತೀರೇನ್ರೀ?"

"ಹೌದಪಾ. ಕುರಿ ತಿಂತಾವ. ಕುರಿ ಬಿಟ್ಟದ್ದು ಹಳ್ಳಕ್ಕ ಬೀಳ್ತದ, ಹಳ್ಳದ್ದು ದೇವಮಾಸಾ ತಿಂತದ."

ಆಟೋ ಹೋದ ಮೇಲೆ ನನ್ನೊಳಗಿನ ಟೀಚರ್ ಸುಮ್ಮನಿರಲಿಲ್ಲ. "ಅಪ್ಪಾ, ನಮ್ ಹಳ್ಳದ ನೀರು ಆ ಸಮುದ್ರಕ್ಕ ಹೋಗಂಗಿಲ್ಲ. ಮಾಂಜ್ರಾ ಸೇರಿ, ಗೋದಾವರಿ ಸೇರಿ, ಮೂಡಣ ದಿಕ್ಕಿನ ಬ್ಯಾರೆ ಸಮುದ್ರಕ್ಕ ಹೋಗ್ತದ."

ಅಪ್ಪ ಮುಳ್ಳಿನಿಂದ ಕ್ಯಾರಿಬ್ಯಾಗು ಬಿಡಿಸುತ್ತಲೇ ಕೇಳಿದ: "ಅಲ್ಲಿ ದೇವಮಾಸಾ ಇರಂಗಿಲ್ಲೇನು?"

"ಇರ್ತಾವ."

"ಮತ್ತ?"

ನಾನು ಸೆರಗು ಸಿಕ್ಕಿಸಿಕೊಂಡು ಆಚೆಯ ಜಾಲಿಗಿಡಕ್ಕೆ ಕೈ ಹಾಕಿದೆ. ಆ ರಜೆಯುದ್ದಕ್ಕೂ ದಿನಾ ಬೆಳಿಗ್ಗೆ ಅವನ ಜೊತೆ ನಡೆದೆ. ಅವನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು.