ಟರ್ಬೊ ಮೇಲೆ ಎಳೆದ ನೀಲಿ ಗೆರೆ

ಸೋಮಲಿಂಗನಿಗೆ ಯಾರ ಮೇಲೂ ನಂಬಿಕೆ ಇಲ್ಲ ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು. “ನಂಬತೀನಿ, ಆದ್ರ ನೋಡಿ ನಂಬತೀನಿ” ಅನ್ನುತ್ತಿದ್ದ. ಹಾಲಿನವನು ಅಳೆದು ಹಾಕಿದರೆ ನೊರೆ ಇಳಿಯುವ ತನಕ ಅವನನ್ನು ಬಾಗಿಲಲ್ಲೇ ನಿಲ್ಲಿಸುವ ಪೈಕಿ ಈತ. ಗಿರಣಿಗೆ ಜೋಳ ಕೊಟ್ಟರೆ ಹಿಟ್ಟು ಬೀಳುವ ತನಕ ಅಲ್ಲಿಂದ ಅಲ್ಲಾಡುವವನಲ್ಲ. ಬೈದು ಪ್ರಯೋಜನವಿಲ್ಲ, ಕೆಲಸವೇ ಹಾಗಿತ್ತು. ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ತಪಾಸಣೆ. ಎರಕ ಹೊಯ್ದು ಬಂದ ಕಬ್ಬಿಣದ ಸಾಮಾನನ್ನು ಅಳೆದು ನೋಡಬೇಕು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಬದಿಗೆ ತಳ್ಳಬೇಕು, ನೋಡಿದ್ದಕ್ಕೆಲ್ಲ ನೀಲಿ ಬಣ್ಣದ ಒಂದು ಗೆರೆ ಎಳೆಯಬೇಕು. ಅವನ ಅಪ್ಪ ಕುರಿ ಕಾದವನು. ಬೇರೆ ಹಿಂಡಿನಲ್ಲಿ ಕಲೆತರೆ ಗೊತ್ತಾಗಲೆಂದು ಕುರಿಯ ಬೆನ್ನಿಗೆ ಬಣ್ಣ ಬಳಿಯುತ್ತಿದ್ದ. ತನ್ನದಕ್ಕೆ ಗುರುತು ಹಾಕುವುದು ಆ ಮನೆತನಕ್ಕೇ ರಕ್ತದಲ್ಲಿ ಬಂದದ್ದು.

ಇಂಥವನ ಹತ್ತಿರ ಒಂದು ಕಾರಿತ್ತು. ಹದಿನೇಳು ವರ್ಷದ ಹಳೆಯದು, ಒಲೆಬೂದಿಯ ಬಣ್ಣ, ಹೆಂಡತಿ ಮಕ್ಕಳು ಗಂಟುಮೂಟೆ ಎಲ್ಲ ಹಿಡಿಸುವಂಥದ್ದು. ಕ್ಯಾಂಪಿನ ನಿವೃತ್ತ ಮಿಲಿಟರಿ ಅಧಿಕಾರಿಯೊಬ್ಬರಿಂದ ಕೊಂಡದ್ದು. ಹಿಂಬದಿಯಲ್ಲಿದ್ದ ‘ಟರ್ಬೊ’ ಎಂಬ ಅಕ್ಷರಗಳನ್ನು ಆ ಪುಣ್ಯಾತ್ಮರು ಮೊದಲೇ ಕಿತ್ತು ಹಾಕಿದ್ದರು. ಅವನ ಮನೆಯಿದ್ದ ಅನಗೋಳದ ಓಣಿಯಲ್ಲಿ ಅದನ್ನು ನೋಡಿದವರು ಯಾರೋ ಪೆನ್ಶನ್ ಗುಮಾಸ್ತನ ಗಾಡಿ ಅಂದುಕೊಳ್ಳಬೇಕು. ಖಾನಾಪುರ ರಸ್ತೆಯಲ್ಲಿ ಮೂರನೇ ಗೇರಿಗೆ ಹಾಕಿ ಕಾಲೊತ್ತಿದರೆ ಮಾತ್ರ, ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ಬೆನ್ನು ಸೀಟಿಗೆ ಅಂಟುವ ಹಾಗೆ ನುಗ್ಗುತ್ತಿತ್ತು. ಹೊಸ ಗಾಡಿಗಳವರು ಹಿಂದೆ ಉಳಿದು ಕಣ್ಣು ಕಣ್ಣು ಬಿಡುತ್ತಿದ್ದರು. ಆಗ ಸೋಮಲಿಂಗನ ಮೀಸೆಯ ಕೆಳಗೊಂದು ನಗು ಸುಳಿಯುತ್ತಿತ್ತು. ಮದುವೆಯ ದಿನವೂ ಈ ಮನುಷ್ಯ ಅಷ್ಟು ನಕ್ಕಿರಲಿಲ್ಲ ಎಂದು ಹೆಂಡತಿ ಪ್ರಮಿಳಾ ಹೇಳುತ್ತಿದ್ದಳು.

ಗಾಡಿಯ ಜೀವ ಇದ್ದದ್ದು ಆ ಟರ್ಬೊದಲ್ಲಿ. ಇಂಜಿನ್ನು ಹೊರಗೆ ಬಿಡುವ ಬಿಸಿ ಹೊಗೆಯ ರಭಸಕ್ಕೇ ತಿರುಗಿ, ಇಂಜಿನ್ನಿಗೆ ಮತ್ತಷ್ಟು ಗಾಳಿ ನೂಕುವ ಪುಟ್ಟ ಚಕ್ರ ಅದು; ಸುತ್ತಲೂ ಬಸವನಹುಳುವಿನ ಚಿಪ್ಪಿನಂಥ ಎರಕದ ಕವಚ. ಅದನ್ನು ಬಿಚ್ಚಿ ಜೋಡಿಸುವ ಕೈ ಖಾನಾಪುರದ ಕೃಷ್ಣಾಜಿಯದು. ಹನ್ನೊಂದು ವರ್ಷದಿಂದ ಈ ಗಾಡಿಯನ್ನು ಮುಟ್ಟಿದವನು ಅವನೊಬ್ಬನೇ. ಸೋಮಲಿಂಗ ಅವನನ್ನು ಅಣ್ಣನೆಂಬ ಸಲಿಗೆಯಲ್ಲಿ ದಾದಾ ಅನ್ನುತ್ತಿದ್ದ, ಭಾನುವಾರ ಕೆಲಸವಿರಲಿ ಬಿಡಲಿ ಹೋಗಿ ಗ್ಯಾರೇಜಿನ ಮರದ ಬಾಕಿನ ಮೇಲೆ ಕೂತು ಚಹಾ ಕುಡಿದು ಬರುತ್ತಿದ್ದ. ಅವನಿಗೆ ಗೆಳೆಯ ಅಂತ ಇದ್ದದ್ದು ಈ ಲೋಕದಲ್ಲಿ ಕೃಷ್ಣಾಜಿ ಒಬ್ಬ.

ಹೋದ ವರ್ಷ ಟರ್ಬೊ ಸಣ್ಣಗೆ ಸಿಳ್ಳೆ ಹಾಕಲು ಶುರುಮಾಡಿತು. ಬಿಚ್ಚಬೇಕು, ಮೂರು ದಿನ ಬಿಟ್ಟು ಹೋಗ್ರಿ ಎಂದ ಕೃಷ್ಣಾಜಿ. ಗಾಡಿ ಬಿಟ್ಟು ಬಂದ ಸೋಮಲಿಂಗ ಮರುದಿನ ಬೆಳಗ್ಗೆ ಅದನ್ನೇ ಕಾರ್ಖಾನೆಯ ಬೀರೇಶನಿಗೆ ಹೇಳಿದರೆ, ಅವನು ಕಡ್ಡಿ ಆಡಿಸಿಬಿಟ್ಟ. “ಅಂಥಾ ಮಾಲು ಈಗ ಎಲ್ಲಿ ಸಿಗತೈತ್ರಿ? ಚಲೋದು ತಗದು ಹಳೇದು ಕುಂದರ್ಸಿದ್ರ ನಿಮಗ ಹೆಂಗ ಗೊತ್ತಾಗಬೇಕು?”

ಅಷ್ಟು ಸಾಕಾಯಿತು. ಅರ್ಧ ದಿನ ರಜೆ ಹಾಕಿ, ಕಾರ್ಖಾನೆಯ ನೀಲಿ ಬಣ್ಣದ ಪುಟ್ಟ ಶೀಶೆ ಕಿಸೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದ. ಕೃಷ್ಣಾಜಿ ವಿಠ್ಠಲನ ಗುಡಿಗೆ ಹೋಗಿದ್ದ ಹೊತ್ತು. ಇನ್ನೂ ಬಿಚ್ಚದ ಗಾಡಿ ಅಂಗಳದಲ್ಲಿ ತಣ್ಣಗೆ ನಿಂತಿತ್ತು, ಇನ್ನೊಂದು ಕೀಲಿ ಇವನ ಹತ್ತಿರವೇ ಇತ್ತು. ಬಾನೆಟ್ಟು ಎತ್ತಿ, ಟರ್ಬೊದ ಕವಚದ ಮೇಲೆ ಬೆರಳುದ್ದದ ಒಂದು ಗೆರೆ ಎಳೆದು, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ತಿರುಗಿ ಬಸ್ಸು ಹತ್ತಿದ. ಹನ್ನೊಂದು ವರ್ಷ ಅವನ ಕೈಯ ಚಹಾ ಕುಡಿದವನು ಮಾಡುವ ಕೆಲಸವೇ ಇದು?

ಮೂರನೇ ದಿನ ಗಾಡಿ ತಂದ. ಸಿಳ್ಳೆ ನಿಂತಿತ್ತು, ಓಟ ಮೊದಲಿನ ಹಾಗೇ ಇತ್ತು. ಕೃಷ್ಣಾಜಿಯ ಎದುರಿಗೆ ಬಾನೆಟ್ಟು ಎತ್ತಲು ನಾಚಿಕೆಯಾಗಿ ಮನೆಗೆ ಬಂದು, ಇಂಜಿನ್ನು ಆರಿದ ಮೇಲೆ ಬ್ಯಾಟರಿ ಬೆಳಕು ಬಿಟ್ಟು ನೋಡಿದ. ಗೆರೆ ಇರಲಿಲ್ಲ. ಕನ್ನಡಿ ಹಿಡಿದು ಅಡಿಯಿಂದಲೂ ನೋಡಿದ. ನೀಲಿಯ ನೆರಳೂ ಇರಲಿಲ್ಲ.

“ದಾದಾನ್ನ ಕೇಳ್ರಿ ಒಮ್ಮೆ” ಎಂದಳು ಪ್ರಮಿಳಾ.

ಕೇಳುವುದು ಹೇಗೆ? ಕೇಳಿದರೆ ಕದ್ದು ಗುರುತು ಹಾಕಿದ್ದು ಹೊರಗೆ ಬೀಳುತ್ತದೆ. ಕೃಷ್ಣಾಜಿಯನ್ನು ಕೇಳದವನು ಖಾನಾಪುರದ ಚಹಾದಂಗಡಿಯಲ್ಲಿ ಅವನು ಟರ್ಬೊ ಬದಲಿಸಿದನೆಂದು ನಾಲಿಗೆ ಹರಿಯಬಿಟ್ಟ. ಎದುರಿಗಿದ್ದವನು ಕರೆಪ್ಪ, ಹಲಸಿ ಊರಿಗೆ ಮೂರು ಟೆಂಪೊ ಓಡಿಸುವವನು, ಮೂರನ್ನೂ ರಿಪೇರಿಗೆ ಕೃಷ್ಣಾಜಿಯ ಹತ್ತಿರವೇ ಬಿಡುವವನು. ವಾರ ತುಂಬುವುದರೊಳಗೆ ಆ ಮೂರೂ ಬೇರೆ ಗ್ಯಾರೇಜು ಹಿಡಿದವು, ಅವುಗಳ ಹಿಂದೆ ಇನ್ನಷ್ಟು ಗಾಡಿ ಹೋದವು. ಒಮ್ಮೆ ಕೃಷ್ಣಾಜಿ ಫೋನು ಮಾಡಿ, “ಎಣ್ಣಿ ಬದಲಿ ಮಾಡೂ ಹೊತ್ತಾತು, ಬರ್ರಿ” ಎಂದ. ನಾಟಕ ನೋಡು ಇವನದು ಎಂದುಕೊಂಡು ಸೋಮಲಿಂಗ ಫೋನು ಇಟ್ಟ.

ಎಣ್ಣೆ ಬದಲಿಸಲು ಕಾಕತಿಯ ಒಂದು ಗ್ಯಾರೇಜು ಹುಡುಕಿದ. ಇವರೇನು ಸತ್ಯಹರಿಶ್ಚಂದ್ರರೇ? ಹೊರಡುವ ಮೊದಲು ಮನೆಯ ಮುಂದೆಯೇ ಟರ್ಬೊ ಮೇಲೆ ಮತ್ತೊಂದು ಗೆರೆ ಎಳೆದ, ಈ ಸಲ ದಪ್ಪಗೆ. ಹೆದ್ದಾರಿಯಲ್ಲಿ ಗಾಡಿ ಚೆನ್ನಾಗಿ ಓಡಿತು. ಗ್ಯಾರೇಜಿನ ಬಾಗಿಲಲ್ಲಿ ನಿಂತು, ಕೀಲಿ ಕೊಡುವ ಮುಂಚೆ ಒಮ್ಮೆ ನೋಡಿಬಿಡೋಣವೆಂದು ಬಾನೆಟ್ಟು ಎತ್ತಿದ.

ಗೆರೆ ಇರಲಿಲ್ಲ. ಒಂದಿಷ್ಟು ಬೂದಿಯಂಥ ಕಲೆ, ಕಾದ ಕಬ್ಬಿಣದ ವಾಸನೆ, ಅಷ್ಟೇ. ಮನೆಯಿಂದ ಇಲ್ಲಿಯ ತನಕ ಬಾನೆಟ್ಟು ಮುಟ್ಟಿದವನು ಅವನೊಬ್ಬನೇ. ಇಪ್ಪತ್ತೆಂಟು ವರ್ಷ ಅವನ ಮೇಜಿಗೆ ಬಂದ ಕಬ್ಬಿಣವೆಲ್ಲ ತಣ್ಣಗಾಗಿಯೇ ಬಂದಿತ್ತು. ಕೆಂಡದ ಹಾಗೆ ಕಾಯುವ ಕಬ್ಬಿಣದ ಮೇಲೆ ತನ್ನ ನೀಲಿ ಉಳಿಯುವುದಿಲ್ಲವೆಂದು ಅವನಿಗೆ ಹೊಳೆದೇ ಇರಲಿಲ್ಲ. ಎಣ್ಣೆ ಬದಲಿಸದೆಯೇ ಬಾನೆಟ್ಟು ಮುಚ್ಚಿದ.

ಅಲ್ಲಿಂದ ನೇರ ಖಾನಾಪುರ. ಗ್ಯಾರೇಜಿನ ಅಂಗಳ ಬಿಕೋ ಅನ್ನುತ್ತಿತ್ತು. ಒಂದೂ ಬಿಡದೆ ಎಲ್ಲ ಹೇಳಿದ.

“ಆ ಗೆರಿ ಬಿಚ್ಚೂ ದಿನಾನ ನೋಡಿದ್ನಿ” ಎಂದ ಕೃಷ್ಣಾಜಿ. “ಒರಸಲಿಲ್ಲ. ಅದರ ಸುತ್ತ ತೊಳದು ಹಂಗ ಕುಂದರ್ಸಿದ್ನಿ.”

“ಸುಟ್ಟು ಹೋಗತೈತಿ ಅಂತ ಯಾಕ ಹೇಳಲಿಲ್ಲ, ದಾದಾ?”

“ಹೇಳಿದ್ರ, ತಾನ ಒರಸಿ ಈಗ ನೆವ ಹೇಳಾಕತ್ತಾನ ಅಂತಿದ್ರಿ. ನೀವ ಬಂದು ಕೇಳ್ತೀರಿ ಅಂತ ಕಾದ್ನಿ. ನನ್ನ ಕೇಳಲಿಲ್ಲ ನೀವು, ಊರಿಗೆ ಹೇಳಿದ್ರಿ.”

ಸೋಮಲಿಂಗ ಕರೆಪ್ಪನನ್ನು ಹುಡುಕಿಕೊಂಡು ಹೋದ. ತಪ್ಪು ನನ್ನದು, ದಾದಾ ಏನೂ ಬದಲಿ ಮಾಡಿಲ್ಲ ಎಂದು ಕೈ ಮುಗಿದ. ಕರೆಪ್ಪ ನಕ್ಕ. “ಬಿಡ್ರಿ ಅಣ್ಣಾರ. ಹಳೇ ದೋಸ್ತಿ, ನಿಮ್ಮ ಮನಸು ಕರಗೇತಿ. ನಿಮ್ಮಂಥಾ ಕಣ್ಣಿಗೆ ತಪ್ಪು ಕಂಡೈತಿ ಅಂದ್ರ ಅದು ಖರೇನ ಇರತೈತಿ.”

ಎಷ್ಟು ಹೇಳಿದರೂ ಆ ಮನುಷ್ಯ ಬಗ್ಗಲಿಲ್ಲ. ಮಾತಿನಿಂದ ತೋರದ ನಂಬಿಕೆಯನ್ನು ಕೂತಾದರೂ ತೋರಿಸೋಣವೆಂದು ಸೋಮಲಿಂಗ ಭಾನುವಾರ ಬೆಳಗ್ಗೆಯೇ ಬಂದು, ರಸ್ತೆಯವರಿಗೆಲ್ಲ ಕಾಣುವ ಹಾಗೆ ಗಾಡಿ ನಿಲ್ಲಿಸಿ, ಬಾನೆಟ್ಟು ತೆರೆದಿಟ್ಟು ಬಾಕಿನ ಮೇಲೆ ಕೂತ. ಕೃಷ್ಣಾಜಿ ಎಣ್ಣೆ ಬದಲಿಸಲು ಗಾಡಿಯ ಅಡಿಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಕರೆಪ್ಪನ ಟೆಂಪೊ ನಿಧಾನವಾಯಿತು. ಕಿಟಕಿಯಿಂದ ಮುಖ ಹೊರಗೆ ಹಾಕಿ, “ಹಂಗ ಎದುರಿಗೆ ಕುಂತು ಕಾಯಬೇಕ್ರಿ ಅಣ್ಣಾರ, ಅಂದ್ರ ಏನೂ ಎಗರಸಾಕ ಆಗಂಗಿಲ್ಲ” ಎಂದು ಹೇಳಿ ಹೋದ.

ಕೃಷ್ಣಾಜಿ ಅಡಿಯಿಂದ ಎದ್ದು ಬಂದ, ಕೈ ಒರೆಸಿಕೊಂಡ, ಬಾನೆಟ್ಟು ತಾನೇ ಮುಚ್ಚಿದ.

“ನೀವು ಮನಿಗೆ ಹೋಗ್ರಿ. ಗಾಡಿ ಇಲ್ಲೇ ಇರಲಿ.”

“ಎಷ್ಟು ದಿನ, ದಾದಾ?”

ಕೃಷ್ಣಾಜಿ ಹಳೆ ಎಣ್ಣೆಯ ಡಬ್ಬ ಎತ್ತಿಕೊಂಡು ಒಳಗೆ ಹೋದ. ಸೋಮಲಿಂಗ ಎರಡೂ ಕೀಲಿ ಬಾಕಿನ ಮೇಲಿಟ್ಟು ಬಸ್ ನಿಲ್ದಾಣಕ್ಕೆ ನಡೆದ. ಬೆಳಗ್ಗೆ ಇಂಜಿನ್ನು ಆರಿಸುವಾಗಲೇ ಅವನ ಕಣ್ಣು ಕಿಲೋಮೀಟರಿನ ಅಂಕಿ ಓದಿಟ್ಟುಕೊಂಡಿತ್ತು. ಅದನ್ನು ಮರೆಯಬೇಕೆಂದು ಖಾನಾಪುರದಿಂದ ಅನಗೋಳದ ತನಕ ಬಸ್ಸಿನಲ್ಲಿ ಒದ್ದಾಡಿದ, ಆಗಲಿಲ್ಲ.